ಮೂಗು ಹಿಡಿಯುವ ಹಕ್ಕು

ಕೈ ಎತ್ತದೆ ಹೊಡೆಯುವ ವಿದ್ಯೆಯನ್ನು ನಾನು ಬಬಲೇಶ್ವರದ ಕನ್ನಡ ಶಾಲೆಯಲ್ಲಿ ಕಲಿತೆ. ನಮ್ಮ ಮಾಸ್ತರರು ಬಲು ಸೋಮಾರಿ. ಕುರ್ಚಿ ಬಿಟ್ಟು ಏಳುವುದೆಂದರೆ ಅವರಿಗೆ ಆಗಿಬರುತ್ತಿರಲಿಲ್ಲ. ಕೂತಲ್ಲಿಂದಲೇ ಒಂದು ಪ್ರಶ್ನೆ ಕೇಳುವರು. ಉತ್ತರ ಬಾರದವರೆಲ್ಲ ಸಾಲಾಗಿ ನಿಲ್ಲಬೇಕು. ಉತ್ತರ ಹೇಳಿದವನು ಒಬ್ಬೊಬ್ಬರ ಮುಂದೆಯೂ ಹೋಗಿ ನಿಂತು, ಎಡಗೈಯಿಂದ ಮೂಗು ಹಿಡಿದು, ಬಲಗೈಯಿಂದ ಕೆನ್ನೆಗೆ ಒಂದು ಬಿಗಿಯಬೇಕು. ಗೆಳೆಯನೆಂದು ಮೆಲ್ಲಗೆ ಹೊಡೆದನೋ, ಹೊಡೆಯುವುದು ಹೇಗೆಂದು ಮಾಸ್ತರರು ಅವನಿಗೇ ಒಂದು ಕೊಟ್ಟು ತೋರಿಸುವರು. ಅದೊಂದಕ್ಕೆ ಮಾತ್ರ ಕುರ್ಚಿ ಬಿಟ್ಟು ಏಳುತ್ತಿದ್ದರು. ಮೂಗನ್ನು ಏಕೆ ಹಿಡಿಯಬೇಕೆಂದು ನಾವು ಯಾರೂ ಕೇಳಲಿಲ್ಲ. ಮುಖ ಅತ್ತಿತ್ತ ತಿರುಗಬಾರದೆಂದು ಇರಬೇಕು. ನಾನು ಜಾಣ ಹುಡುಗ, ಹೀಗಾಗಿ ತಿಂದದ್ದಕ್ಕಿಂತ ಕೊಟ್ಟದ್ದೇ ಹೆಚ್ಚು. ಓರಗೆಯವರ ಬೆವರಿದ ಮೂಗು ಬೆರಳಿನ ನಡುವೆ ಸಿಕ್ಕು, ಅವರ ಕಣ್ಣು ನನ್ನನ್ನೇ ನೋಡುತ್ತಿರುವಾಗ ನನಗೆ ಹಿತವಾಗುತ್ತಿತ್ತು. ಈ ವಯಸ್ಸಿನಲ್ಲಿ ಸುಳ್ಳು ಏಕೆ ಹೇಳಲಿ.

ಮುಂದೆ ನಾನೇ ಮಾಸ್ತರನಾದಾಗ ಆ ವಿದ್ಯೆಯನ್ನೂ ಜೊತೆಗೆ ಒಯ್ದೆ. ವಿಜಾಪುರದ ಒಂದು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಈಗ ಎಲ್ಲರೂ ವಿಜಯಪುರ ಅನ್ನುತ್ತಾರೆ, ನನ್ನ ನಾಲಿಗೆ ಹಾಗೆ ಹೊರಳುವುದಿಲ್ಲ. ಆಗ ನನಗೆ ಇಪ್ಪತ್ನಾಲ್ಕು ವರ್ಷ. ಮದುವೆಯಾಗಿರಲಿಲ್ಲ. ತಲೆಯ ಮೇಲೆ ಕರಿ ಟೊಪ್ಪಿಗೆ, ಮೂಗಿನ ತುದಿಯಲ್ಲಿ ಸಿಟ್ಟು. ಮಹಾಯುದ್ಧದ ಕೊನೆಯ ವರ್ಷಗಳು ಅವು. ಸಕ್ಕರೆ, ಸೀಮೆಎಣ್ಣೆ, ಧೋತರ ಎಲ್ಲದಕ್ಕೂ ಕಂಟ್ರೋಲು. ಬರೆಯಲು ಕಾಗದ ಸಿಗದೆ, ಮೀಸೆ ಚಿಗುರಿದ ಹುಡುಗರು ಕೂಡ ಪಾಟಿ ಹಿಡಿದುಕೊಂಡು ಬರುತ್ತಿದ್ದರು.

ಜಿಲ್ಲೆಯ ಹೈಸ್ಕೂಲುಗಳ ಕೊನೆಯ ವರ್ಗದವರಿಗಾಗಿ ಆಗ ಇತಿಹಾಸದ್ದೊಂದು ವಿಶೇಷ ಪರೀಕ್ಷೆ ನಡೆಯುತ್ತಿತ್ತು. ಯಾರೋ ಶ್ರೀಮಂತರು ತೀರಿಹೋದ ತಂದೆಯ ಹೆಸರಿನಲ್ಲಿ ಇಟ್ಟ ದತ್ತಿಯ ಪರೀಕ್ಷೆ. ಮೆಟ್ರಿಕ್ಕಿನ ಪುಸ್ತಕ ಅದಕ್ಕೆ ಏತಕ್ಕೂ ಸಾಲುತ್ತಿರಲಿಲ್ಲ, ಕಾಲೇಜಿನವರು ಓದುವುದನ್ನು ಓದಬೇಕು. ಮೊದಲು ಬರೆಯುವ ಪರೀಕ್ಷೆ, ಅದರಲ್ಲಿ ಮೇಲೆ ಬಂದ ಮೂವರಿಗೆ ಬಾಯಿಪರೀಕ್ಷೆ. ಕೊನೆಗೆ ಗೆದ್ದ ಒಬ್ಬನಿಗೆ ಕಾಲೇಜಿನ ನಾಲ್ಕೂ ವರ್ಷದ ಓದು, ಊಟ, ವಸತಿ ಎಲ್ಲ ದತ್ತಿಯದೇ. ನಮ್ಮ ಶಾಲೆಯಿಂದ ಅಲ್ಲಿಯವರೆಗೆ ಒಬ್ಬನೂ ಗೆದ್ದಿರಲಿಲ್ಲ. ಹೆಡ್‌ಮಾಸ್ತರರು ನನ್ನನ್ನು ಕರೆದು, ಐದು ಹುಡುಗರನ್ನು ಆರಿಸಿಕೊಟ್ಟು, ಇವರನ್ನು ತಯಾರು ಮಾಡು ಎಂದರು.

ಪಾಠ ನಡೆಯುತ್ತಿದ್ದದ್ದು ಹತ್ತಿಯ ಅಡತಿ ಅಂಗಡಿ ಇಟ್ಟಿದ್ದ ಒಬ್ಬ ಸಾಹುಕಾರರ ಮನೆಯ ಪಡಸಾಲೆಯಲ್ಲಿ. ಐವರಲ್ಲಿ ಅವರ ಮಗನೂ ಒಬ್ಬ. ಮಗನಿಗೆ ಕಲಿಸುವುದಕ್ಕೆ ಬದಲಾಗಿ ಅದೇ ಮನೆಯ ಹೊರಗಿನ ಖೋಲಿಯೊಂದನ್ನು ಸಾಹುಕಾರರು ನನಗೆ ಇರಲು ಬಿಟ್ಟಿದ್ದರು. ಊಟ ಖಾನಾವಳಿಯಲ್ಲಿ, ನಿದ್ದೆ ಸಾಹುಕಾರರ ಮಾಡಿನ ಕೆಳಗೆ. ಬೆಳಿಗ್ಗೆ ಆರಕ್ಕೆ ಹುಡುಗರು ಬರುತ್ತಿದ್ದರು, ಎಂಟೂವರೆಗೆ ಬಿಡುತ್ತಿದ್ದೆ. ಮೂವರು ಪೇಟೆಯ ಮನೆಗಳ ಹುಡುಗರು. ಓದಿದರೆ ಬಂದೀತು, ಓದದಿದ್ದರೂ ಅಪ್ಪನ ಗಾದಿ ಇದೆ ಎನ್ನುವ ಜಾತಿ. ಸಾಹುಕಾರರ ಮಗ ಅವರಿಗಿಂತ ವಾಸಿ. ನೆನಪು ಚೆನ್ನಾಗಿತ್ತು. ಬುದ್ಧಿ ಇಷ್ಟು, ಗರ್ವ ಅಷ್ಟು.

ಐದನೆಯವನು ತಿಕೋಟಾದ ಹುಡುಗ. ಪತ್ರಿಕೆಗಳು ಆಗ ಅವರನ್ನು ಹರಿಜನರೆಂದು ಬರೆಯುತ್ತಿದ್ದವು. ಊರಿನ ಜನ ಆಡುತ್ತಿದ್ದ ಶಬ್ದ ಬೇರೆ, ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವನ ಅಪ್ಪ ತಿಕೋಟಾ ರಸ್ತೆಯ ಕೆಲಸದಲ್ಲಿ ಖಡಿ ಕಲ್ಲು ಒಡೆಯುತ್ತಿದ್ದ. ಹುಡುಗ ಇಬ್ರಾಹಿಂಪುರದ ಕಡೆ, ರೈಲು ಹಳಿಯ ಆಚೆ, ಅಂಥವರಿಗಾಗಿಯೇ ಇದ್ದ ಒಂದು ಬೋರ್ಡಿಂಗಿನಲ್ಲಿದ್ದ. ಶಾಲೆಯಲ್ಲಿ ಸರಕಾರದ ಕಾಯದೆ ಇತ್ತು, ಅದಕ್ಕೇ ವರ್ಗದ ಒಳಗೆ ಕೂಡುತ್ತಿದ್ದ. ಕೊನೆಯ ಬಾಕಿನ ಮೇಲೆ ಒಬ್ಬನೇ. ಸಾಹುಕಾರರ ಮನೆಯಲ್ಲಿ ಕಾಯದೆ ಸಾಹುಕಾರರದು. ಪಡಸಾಲೆಗೆ ಮೂರು ಮೆಟ್ಟಿಲು. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲ ಮೇಲೆ ಅವನು ಕೂಡಬೇಕೆಂದು ನಿಗದಿಯಾಯಿತು. ಹೆಡ್‌ಮಾಸ್ತರರು ಅಷ್ಟಾದರೂ ಆಯಿತಲ್ಲ ಎಂದರು. ನಾನೂ ಅಂದೆ.

ಮೊದಲನೆಯ ವಾರದಲ್ಲೇ ಗಂಟು ಬಿತ್ತು. ಚೌಥಾಯಿಗೂ ಸರದೇಶಮುಖಿಗೂ ವ್ಯತ್ಯಾಸವೇನೆಂದು ಕೇಳಿದೆ. ಎರಡೂ ಮರಾಠರು ವಸೂಲಿ ಮಾಡುತ್ತಿದ್ದ ತೆರಿಗೆಗಳು, ಆದರೆ ಕಾರಣ ಬೇರೆ ಬೇರೆ. ಪಡಸಾಲೆಯ ಮೇಲಿನ ನಾಲ್ವರೂ ಮಾಡು ನೋಡಿದರು. ಮೆಟ್ಟಿಲ ಮೇಲಿನವನು ಎದ್ದು ನಿಂತು, ಎರಡನ್ನೂ ಬಿಡಿಸಿ ಬಿಡಿಸಿ ಹೇಳಿದ. ನಾನು ಹೇಳಿಕೊಟ್ಟದ್ದಕ್ಕಿಂತ ಚೆನ್ನಾಗಿ ಹೇಳಿದ. ನನಗೆ ಖುಷಿಯಾಯಿತು, ಖುಷಿಯಲ್ಲಿ ಬಾಯಿಗೆ ರೂಢಿಯ ಮಾತು ಬಂದುಬಿಟ್ಟಿತು. "ಹೂಂ, ಮೂಗ ಹಿಡಿ" ಎಂದೆ.

ನಾಲ್ವರು ಸಾಲಾಗಿ ಎದ್ದು ನಿಂತಿದ್ದರು. ಯಾರೂ ಅಲುಗಲಿಲ್ಲ. ಒಳಬಾಗಿಲ ಹತ್ತಿರ ಸಾಹುಕಾರರ ಲೆಕ್ಕ ಬರೆಯುತ್ತ ಕೂತಿದ್ದ ಮುನೀಮ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದ. ಸಾಹುಕಾರರ ಮಗ ಅಂಗೈಯಿಂದ ಮೂಗು ಮುಚ್ಚಿಕೊಂಡ. ತಿಕೋಟಾದ ಹುಡುಗ ಒಂದು ಕಾಲನ್ನು ಎರಡನೆಯ ಮೆಟ್ಟಿಲಿಗೆ ಇಟ್ಟವನು ಹಾಗೇ ನಿಂತು ನನ್ನ ಮುಖ ನೋಡಿದ. ಮಾಸ್ತರ ಹೇಳಿದ್ದು, ಹೋಗಬೇಕೋ ಬೇಡವೋ ಎಂದು ಅವನಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ. ಕೊನೆಗೆ, ಇರಲಿ ಕೂಡು, ಎಂದೆ. ನಾಲ್ವರೂ ಹೋ ಎಂದು ನಕ್ಕರು. ಅವನೂ ಸ್ವಲ್ಪ ನಕ್ಕು, ಕಾಲು ಕೆಳಗಿಟ್ಟು ಕೂತ.

ಅಂದಿನಿಂದ ಪಾಠದ ಬಿಗಿ ಹೋಯಿತು. ಅವನು ಉತ್ತರ ಹೇಳಿದಾಗೆಲ್ಲ ಉಳಿದವರಿಗೆ ಹೊಡೆತವಿಲ್ಲ. ಅವನು ಹೇಳುತ್ತಾನೆ ಬಿಡು ಎಂದು ಅವರು ಓದುವುದನ್ನೇ ಬಿಟ್ಟರು. ಮೇಲಾಗಿ ಅವನ ಪ್ರತಿಯೊಂದು ಉತ್ತರಕ್ಕೂ ಸಾಹುಕಾರರ ಮಗ ನಗೆಚಾಟಿಕೆಗೆ ಮೂಗು ಮುಚ್ಚಿಕೊಂಡು ನಿಲ್ಲುವುದು, ಮುನೀಮ ಅದನ್ನು ಒಳಗೆ ಹೋಗಿ ಹೇಳುವುದು ನಡೆಯಿತು. ಒಂದು ದಿನ ಸಾಹುಕಾರರೇ ಎಲೆ ಅಡಿಕೆ ಹಾಕಿಕೊಳ್ಳುತ್ತ ನನ್ನ ಖೋಲಿಯ ಬಾಗಿಲಲ್ಲಿ ನಿಂತರು. ಅವರು ಎಂದೂ ದನಿ ಏರಿಸಿದವರಲ್ಲ.

"ಮಾಸ್ತರ್ರ, ನನ್ನ ಮನ್ಯಾಗ ನನ್ನ ಮಗಾ ತಪ್ಪಿತಸ್ಥನಂಗ ನಿಂದ್ರೂದು, ಅಂವ ಮೆಟ್ಟಲ ಮ್ಯಾಲೆ ನಿಂತು ಶ್ಯಾಣ್ಯಾ ಅನಿಸಿಕೊಳ್ಳೂದು, ಇದು ನೋಡಾಕ ಚಂದ ಕಾಣತೈತೇನ್ರಿ?"

ಚಂದ ಕಾಣುವುದಿಲ್ಲ ಎಂದೆ. ಅಂದು ಸಂಜೆ ಶಾಲೆ ಬಿಟ್ಟ ಮೇಲೆ ಹುಡುಗನನ್ನು ಬಯಲಿಗೆ ಕರೆದು ಒಂದು ತೋಡು, ರಾಜಿಯ ದಾರಿ, ಹೇಳಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ತೋಡು. "ಗೊತ್ತಿದ್ರೂ ಹೇಳಬ್ಯಾಡ. ನಾ ನಿನ್ನ ಕಡೆ ನೋಡಿ ತಲಿ ಆಡಿಸಿದ್ರ ಅಷ್ಟ ಹೇಳು. ಇಲ್ಲಂದ್ರ ಸುಮ್ನ ಕೂಡು." ಅವನು ತುಸು ಹೊತ್ತು ಕಾಲಬೆರಳಿನಿಂದ ಮಣ್ಣು ಕೆದರಿದ. ಆಮೇಲೆ, ಬರೆದು ತೋರಿಸಿದರೆ ನಡೆಯುತ್ತದೆಯೇ ಎಂದು ಕೇಳಿದ. ಬರೆ, ಬೇಡ ಎಂದವರು ಯಾರು, ಎಂದೆ. ನನ್ನ ಜಾಣತನದ ಬಗ್ಗೆ ನನಗೇ ಹೆಮ್ಮೆಯಾಗಿತ್ತು.

ಅವನು ಬರೆದ. ಕಾಗದದ ಬರಗಾಲದಲ್ಲಿ ಅವನಿಗೆ ಕಾಗದ ಎಲ್ಲಿಂದ ಬರಬೇಕು? ಅವನ ಅಪ್ಪ ರಸ್ತೆ ಕೆಲಸದ ಮುಕಾದಮನ ಕೈಕಾಲು ಹಿಡಿದು ಹಳೆಯ ಹಾಜರಿಪಟ್ಟಿಗಳನ್ನು ಇಸಿದುಕೊಂಡು ಕಳಿಸುತ್ತಿದ್ದ. ಒಂದು ಬದಿಗೆ ಕೂಲಿಗಳ ಹೆಬ್ಬೆಟ್ಟಿನ ಗುರುತುಗಳು, ಇನ್ನೊಂದು ಬದಿಗೆ ಬಹಮನಿ ರಾಜ್ಯ ಒಡೆದು ಐದಾದ ಕಾರಣಗಳು. ಅಕ್ಷರ ಸಾಸಿವೆ ಕಾಳಿನಷ್ಟು ಸಣ್ಣವು, ಆದರೆ ಒಂದೂ ಚಿತ್ತಿಲ್ಲ. ಅವನು ಹೋಗುವಾಗ ಅವನ್ನು ಮೆಟ್ಟಿಲ ಮೇಲೆ ಇಟ್ಟು ಹೋಗುತ್ತಿದ್ದ. ನಾನು ಖೋಲಿಯಲ್ಲಿ ಕೂತು ಓದುತ್ತಿದ್ದೆ. ಮೊದಮೊದಲು ತಪ್ಪು ಹುಡುಕುತ್ತಿದ್ದೆ. ಆಮೇಲೆ ಅವನ್ನೇ ನೋಡಿಕೊಂಡು ಉಳಿದ ನಾಲ್ವರಿಗೆ ಪಾಠ ಹೇಳತೊಡಗಿದೆ. ಅವನು ಕೆಳಗಿನ ಮೆಟ್ಟಿಲ ಮೇಲೆ ಕೂತು, ತನ್ನ ಮಾತನ್ನು ನನ್ನ ಬಾಯಿಂದ ಕೇಳುತ್ತಿದ್ದ. ಒಂದು ದಿನವೂ ಅದು ನನ್ನದು ಅನ್ನಲಿಲ್ಲ.

ಇನ್ನು ಉಳಿದದ್ದು ಶಿಕ್ಷೆ. ನಾಲ್ವರಲ್ಲಿ ಒಬ್ಬ ಉತ್ತರ ಹೇಳಿದರೆ ಉಳಿದ ಮೂವರ ಕೆನ್ನೆಗೆ ಏಟು, ಅದು ಮೊದಲಿನಂತೆ. ಮೆಟ್ಟಿಲಿನವನನ್ನು ಯಾರೂ ಮುಟ್ಟುವಂತಿಲ್ಲವಾದ್ದರಿಂದ ಅವನಿಗೆ ಏಟಿಲ್ಲ. ಅವನಿಗೇಕೆ ಬಿಡುಗಡೆ ಎಂದು ನಾಲ್ವರು ತಕರಾರು ತೆಗೆದರು. ನ್ಯಾಯವಾದ ತಕರಾರು ಎಂದು ನನಗೆ ತೋರಿತು ನೋಡಿ. ಯಾರಿಗೂ ಉತ್ತರ ಬಾರದಿದ್ದರೆ ಐವರೂ ಇಪ್ಪತ್ತು ಬಸ್ಕಿ ಹೊಡೆಯಬೇಕೆಂದು ನೇಮ ಮಾಡಿದೆ. ಯಾರಿಗೂ ಬಾರದ ಪ್ರಶ್ನೆಗಳೇ ದಿನಕ್ಕೆ ನಾಲ್ಕಾರು ಇರುತ್ತಿದ್ದವು. ಅವನಿಗೆ ಅವೆಲ್ಲ ಬರುತ್ತಿದ್ದವು. ಬರುತ್ತವೆಂದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆಯೆಂದು ಅವನಿಗೆ ಗೊತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ನಾನು ದಿನಾ ಬೆಳಿಗ್ಗೆ ಎದ್ದು ಮಾಡುತ್ತಿದ್ದದ್ದು ಅದನ್ನೇ. ಪಡಸಾಲೆಯ ಮೇಲಿನವರು ಅರ್ಧ ಕೂತು ಅರ್ಧ ಎದ್ದು ಕಳ್ಳಬಸ್ಕಿ ಹೊಡೆಯುತ್ತಿದ್ದರು. ಅವನು ಮೆಟ್ಟಿಲಿನಿಂದ ಇಳಿದು ಅಂಗಳದಲ್ಲಿ ನಿಂತು, ಕಿವಿ ಹಿಡಿದು, ಇಪ್ಪತ್ತಕ್ಕೆ ಇಪ್ಪತ್ತೂ ಪೂರಾ ಹೊಡೆಯುತ್ತಿದ್ದ. ಅದು ನನಗೆ ಸಿಟ್ಟು ಬರಿಸುತ್ತಿತ್ತು. ಸ್ವಲ್ಪ ಕಳ್ಳತನ ಮಾಡಿದ್ದರೆ ನನಗೆ ಹಗುರಾಗುತ್ತಿತ್ತು.

ತಲೆ ಆಡಿಸುತ್ತಿರಲಿಲ್ಲವೇ ಎಂದರೆ, ಆಡಿಸುತ್ತಿದ್ದೆ. ಹೆಡ್‌ಮಾಸ್ತರರು ನೋಡಲು ಬಂದ ದಿನ ಆಡಿಸಿದೆ. ಸಾಹುಕಾರರು ಪರ ಊರಿಗೆ ಹೋದಾಗ ಒಂದೆರಡು ಸಲ ಆಡಿಸಿದೆ. ಆಗ ಅವನು ಎದ್ದು ನಿಂತು ಹೇಳುವುದನ್ನು ಕೇಳಬೇಕಿತ್ತು. ಪುಸ್ತಕದ ಮಾತನ್ನು ಒಪ್ಪಿಸುತ್ತಿರಲಿಲ್ಲ. ಅಂದಿನ ಸರದಾರರ ಹೊಟ್ಟೆಕಿಚ್ಚು, ಅವರ ಲೆಕ್ಕಾಚಾರ, ಎಲ್ಲವನ್ನೂ ಓಣಿಯ ಜಗಳ ಹೇಳಿದಂತೆ ಹೇಳುತ್ತಿದ್ದ. ಮುಗಿದೊಡನೆ ಕೂತು ಮತ್ತೆ ನನ್ನ ತಲೆಯನ್ನೇ ನೋಡುತ್ತಿದ್ದ. ಆರು ತಿಂಗಳಲ್ಲಿ ಅದು ಎಷ್ಟು ರೂಢಿಯಾಯಿತೆಂದರೆ, ಶಾಲೆಯ ವರ್ಗದಲ್ಲಿ ಬೇರೆ ಮಾಸ್ತರರು ಕೇಳಿದರೂ ಅವನು ಬಾಯಿ ಬಿಡುತ್ತಿಲ್ಲವೆಂದು ಗಣಿತದವರು ನನ್ನ ಹತ್ತಿರ ಹೇಳಿದರು. ಅವನ ಸ್ವಭಾವ ಹಾಗೆ ಎಂದುಬಿಟ್ಟೆ.

ಅವನ ಅಪ್ಪ ಒಂದು ಸಲ ಬಂದಿದ್ದ. ಸುಗ್ಗಿಯ ಮುಂಚಿನ ದಿನಗಳು, ಎಳೆ ಜೋಳದ ತೆನೆ ಸುಟ್ಟು ತಿನ್ನುವ ಸೀತನಿಯ ಕಾಲ. ಯಾರದೋ ಹೊಲದಲ್ಲಿ ದುಡಿದು ಕೂಲಿಯೆಂದು ಪಡೆದ ತೆನೆಗಳ ಒಂದು ಸಿವುಡನ್ನು ಹೆಗಲ ಮೇಲೆ ಹೊತ್ತು ತಿಕೋಟಾದಿಂದ ನಡೆದು ಬಂದಿದ್ದ. ಬೀದಿಯಲ್ಲೇ ನಿಂತು, ತೆನೆಗಳನ್ನು ಮೆಟ್ಟಿಲ ಮೇಲಿಟ್ಟು, ಹಿಂದೆ ಸರಿದು ಕೈ ಮುಗಿದ. ಮಗನಿಗೆ ಏನಾದರೂ ಬರುತ್ತದೆಯೇ ಎಂದು ಕೇಳಿದ. ಬರುತ್ತದೆ ಎಂದೆ. ಅವನ ಕಣ್ಣಲ್ಲಿ ನೀರು ಬಂತು, ನನಗೆ ಮುಜುಗರವಾಯಿತು. ಅವನು ಓಣಿಯ ತಿರುವು ದಾಟಿದ ಮೇಲೆ ತೆನೆಗಳನ್ನು ಸಾಹುಕಾರರ ಎಮ್ಮೆಗೆ ಹಾಕಿಸಿದೆ. ತಿನ್ನಬೇಕೆಂದು ಆಸೆಯಾಗಿತ್ತು. ಮುನೀಮ ನೋಡುತ್ತಿದ್ದ.

ಬರೆಯುವ ಪರೀಕ್ಷೆ ಆಯಿತು. ಫಲಿತಾಂಶದ ಕಾಗದ ಬಂದಾಗ ಅದರಲ್ಲಿ ಮೂರು ಹೆಸರು. ಎರಡನೆಯದು ಬೇರೆ ತಾಲೂಕಿನ ಯಾವನೋ ಹುಡುಗನದು. ಮೂರನೆಯವನು ಸಾಹುಕಾರರ ಮಗ. ಮೊದಲನೆಯವನು ನನ್ನ ಮೆಟ್ಟಿಲ ಹುಡುಗ, ಉಳಿದವರಿಗಿಂತ ಬಹಳ ಮುಂದೆ. ಹೆಡ್‌ಮಾಸ್ತರರು ನನ್ನ ಬೆನ್ನು ತಟ್ಟಿದರು. ನಾನು ಎರಡು ದಿನ ಪೇಟೆಯಲ್ಲಿ ಎದೆ ಮುಂದೆ ಮಾಡಿಕೊಂಡು ಓಡಾಡಿದೆ. ಬಾಯಿಪರೀಕ್ಷೆಯಲ್ಲಿ ಬಾಯಿ ತೆರೆದರೆ ಸಾಕು, ಅವನು ಗೆದ್ದಂತೆಯೇ. ಅವನಿಗೆ ನಾಲ್ಕು ವರ್ಷದ ಕಾಲೇಜು, ಇಲ್ಲದಿದ್ದರೆ ತಿಕೋಟಾ ರಸ್ತೆಯ ಖಡಿ. ನಡುವೆ ಬೇರೆ ದಾರಿ ಇರಲಿಲ್ಲ. ಅದು ಅವನಿಗೂ ಗೊತ್ತು, ನನಗೂ ಗೊತ್ತು.

ಅಲ್ಲಿ ನನ್ನ ಕಡೆ ನೋಡಬೇಡ, ಕೇಳಿದ್ದಕ್ಕೆ ನೇರವಾಗಿ ಹೇಳು, ಎಂದು ಅವನಿಗೆ ಹೇಳಬೇಕಾಗಿತ್ತು. ಒಂದೇ ಮಾತು. ಹೇಳಬೇಕೆಂದೇ ಇದ್ದೆ. ಅಷ್ಟರಲ್ಲಿ ಸಾಹುಕಾರರು ಮಗ ಮೇಲೆ ಬಂದ ಖುಷಿಗೆ ಪೇಢೆಯ ಪುಡಿಕೆ ಹಿಡಿದುಕೊಂಡು ನನ್ನ ಖೋಲಿಗೆ ಬಂದರು. ಮೊದಲ ಸಲ ಒಳಗೆ ಬಂದು ನನ್ನ ಹಾಸಿಗೆಯ ಮೇಲೆ ಕೂತರು.

"ಅವಂಗ ಸರಕಾರ ಐತ್ರಿ, ನಾಳಿ ಏನರ ಕೊಡತೈತಿ. ನನ್ನ ಮಗಾ ಗೆದ್ರ ಮನಿತನಕ್ಕ ಒಂದ ಹೆಸರು. ಈ ಖೋಲಿ ಅಂತೂ ನಿಮ್ದ ಅಂತ ತಿಳೀರಿ. ಲಗ್ನ ಆದಮ್ಯಾಲೂ ಇಲ್ಲೇ ಇರ್ರಿ."

ಅವರು ನನಗೆ ಏನನ್ನೂ ಮಾಡೆಂದು ಹೇಳಲಿಲ್ಲ. ನಾನು ಏನನ್ನೂ ಮಾಡದಿದ್ದರೆ ಸಾಕಾಗಿತ್ತು. ಪೇಢೆ ತಿಂದೆ. ಆ ವಾರ ಹುಡುಗನಿಗೆ ಪಾಠ ಮುಗಿಯಿತು, ಬರುವುದು ಬೇಡ, ನೇರವಾಗಿ ಪರೀಕ್ಷೆಗೆ ಬಾ, ಎಂದು ಹೇಳಿ ಕಳಿಸಿದೆ. ಸಾಹುಕಾರರ ಮಗನನ್ನು ಮಾತ್ರ ದಿನಕ್ಕೆ ಎರಡು ಹೊತ್ತು ನಿಲ್ಲಿಸಿಕೊಂಡು ಮಾತಾಡಿಸಿದೆ.

ಬಾಯಿಪರೀಕ್ಷೆ ನಮ್ಮ ಶಾಲೆಯ ಚಿತ್ರಕಲೆಯ ಖೋಲಿಯಲ್ಲಿ ನಡೆಯಿತು. ಧಾರವಾಡದ ಕಡೆಯಿಂದ ಇಬ್ಬರು ಬಂದಿದ್ದರು. ಒಬ್ಬರು ರುಮಾಲು ಸುತ್ತಿದ ಮುದಿ ಪ್ರಾಧ್ಯಾಪಕರು, ಇನ್ನೊಬ್ಬರು ಕೋಟು ತೊಟ್ಟ ತೆಳ್ಳನೆಯ ಮನುಷ್ಯ. ಕಲಿಸಿದ ಮಾಸ್ತರರೂ ಮನೆಯ ಹಿರಿಯರೂ ಗೋಡೆಯ ಪಕ್ಕದ ಬಾಕಿನ ಮೇಲೆ ಕೂತು ನೋಡಬಹುದು, ಮಾತಾಡಬಾರದು ಎಂದರು. ನಾನು ಕೂತೆ. ಸಾಹುಕಾರರು ಶಾಲು ಹೊದ್ದುಕೊಂಡು ನನ್ನ ಮಗ್ಗುಲಿಗೇ ಕೂತರು. ಮೂವರು ಹುಡುಗರನ್ನು ಮೇಜಿನ ಮುಂದೆ ಸಾಲಾಗಿ ನಿಲ್ಲಿಸಿದರು. ಗೊತ್ತಿದ್ದವರು ಕೈ ಎತ್ತಿ ಹೇಳಬೇಕು ಎಂದು ಕೋಟಿನವರು ನೇಮ ತಿಳಿಸಿದರು.

ಹತ್ತು ಹನ್ನೆರಡು ಪ್ರಶ್ನೆ ಆದವು. ಸಾಹುಕಾರರ ಮಗ ಎಲ್ಲಕ್ಕೂ ಕೈ ಎತ್ತಿದ. ಅರ್ಧ ಸರಿ, ಅರ್ಧ ತಪ್ಪು. ಬೇರೆ ತಾಲೂಕಿನವನು ತೊದಲಿದ. ನನ್ನ ಹುಡುಗ ಕೈ ಎತ್ತಲಿಲ್ಲ. ಪ್ರತಿಯೊಂದು ಪ್ರಶ್ನೆ ಬಿದ್ದಾಗಲೂ ಅವನ ಮುಖ ನನ್ನ ಕಡೆ ತಿರುಗುತ್ತಿತ್ತು, ನಾನು ನನ್ನ ಟೊಪ್ಪಿಗೆ ಸರಿಮಾಡಿಕೊಳ್ಳುತ್ತಿದ್ದೆ. ಕೊನೆಗೆ ಮುದಿ ಪ್ರಾಧ್ಯಾಪಕರು ನಮ್ಮ ಊರಿನದೇ ಒಂದು ಪ್ರಶ್ನೆ ತೆಗೆದರು. ಮೊಗಲರು ವಿಜಾಪುರಕ್ಕೆ ಮುತ್ತಿಗೆ ಹಾಕಿ ತಿಂಗಳುಗಟ್ಟಲೆ ಕೂತರು. ಇಷ್ಟು ಗಟ್ಟಿ ಕೋಟೆಯ ಪಟ್ಟಣ ಕೊನೆಗೆ ಏಕೆ ಬಿತ್ತು? ತೋಪಿನಿಂದ ಗೋಡೆ ಒಡೆದರು ಎಂದ ಸಾಹುಕಾರರ ಮಗ. ಬೇರೆ ತಾಲೂಕಿನವನೂ ಹೌದೆಂದ. ಅಲ್ಲ ಎಂದು ಪ್ರಾಧ್ಯಾಪಕರು ತಲೆ ಅಲ್ಲಾಡಿಸಿ, ಮೂರನೆಯವನ ಕಡೆ ತಿರುಗಿದರು.

ಅದಕ್ಕೆ ಅವನು ಎರಡು ಹಾಜರಿಪಟ್ಟಿಯ ಬೆನ್ನು ತುಂಬ ಉತ್ತರ ಬರೆದಿದ್ದ. ನಾನು ಓದಿದ್ದೆ. ಗೋಡೆ ಬೀಳಲಿಲ್ಲ, ಒಳಗೆ ಕಾಳು ತೀರಿತು, ಕುದುರೆಗಳು ಮೇವಿಲ್ಲದೆ ಸತ್ತವು, ಹೊರಗಿನಿಂದ ಬರಬೇಕಾದ ನೆರವು ಬರಲಿಲ್ಲ, ಹಸಿದವರು ತಾವಾಗಿ ಕೀಲಿಕೈ ಕೊಟ್ಟರು. ಅಷ್ಟನ್ನೂ ಅವನು ಆ ಹೊತ್ತು ನಾಲಿಗೆಯ ತುದಿಯಲ್ಲಿ ಹಿಡಿದು ನಿಂತಿದ್ದ.

"ಬರಿಯೂದರಾಗ ನೀ ಎಲ್ಲಾರಕಿಂತ ಛಲೋ ಬರದಿಯಪಾ ತಮ್ಮಾ. ಹೇಳು, ಅಂಜಬ್ಯಾಡ" ಎಂದರು ಪ್ರಾಧ್ಯಾಪಕರು.

ಅವನು ಅವರ ಕಡೆ ನೋಡಲೇ ಇಲ್ಲ. ನನ್ನನ್ನೇ ನೋಡಿದ. ಇಡೀ ಖೋಲಿ ಅವನ ಕಣ್ಣು ಹೋದ ಕಡೆ ತಿರುಗಿ ನನ್ನನ್ನು ನೋಡಿತು. ಒಂದು ಸಲ ಗದ್ದ ಕೆಳಗಿಳಿಸಿದ್ದರೆ ಮುಗಿಯುತ್ತಿತ್ತು. ಸಾಹುಕಾರರ ಶಾಲು ನನ್ನ ಮೊಣಕೈಗೆ ತಾಗುತ್ತಿತ್ತು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ, ಹೊರಗಿನ ಬೇವಿನ ಗಿಡ ನೋಡುತ್ತ ಕೂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುವ ಗಾದೆಯನ್ನು ನಾನು ಎಷ್ಟೋ ಸಲ ಬೇರೆಯವರ ಮೇಲೆ ಆಡಿದ್ದೇನೆ. ಅಂದು ಪೂಜಾರಿ ನಾನೇ.

ಕೋಟಿನವರಿಗೆ ಸಂಶಯ ಬಂತು. ಹುಡುಗ ಮಾಸ್ತರನ ಮುಖವನ್ನು ಏಕೆ ನೋಡುತ್ತಿದ್ದಾನೆ, ಬರೆದ ಪತ್ರಿಕೆಯಾದರೂ ಇವನದು ಹೌದೋ ಅಥವಾ ಯಾರಾದರೂ ಹೇಳಿ ಬರೆಸಿದ್ದೋ ಎಂದು ಎಲ್ಲರಿಗೂ ಕೇಳುವಂತೆ ಅಂದರು. ಎದ್ದು ನಿಂತು, ಇಲ್ಲ ಸ್ವಾಮಿ, ಅವನದೇ, ಪ್ರತಿಯೊಂದು ಅಕ್ಷರವೂ ಅವನದೇ, ಎಂದು ನಾನು ಹೇಳಬಹುದಿತ್ತು. ಮಾತಾಡಬಾರದೆಂಬ ನೇಮ ಇತ್ತಲ್ಲ, ನೇಮ ಪಾಲಿಸಿದೆ. ಮುದಿ ಪ್ರಾಧ್ಯಾಪಕರು ಕಾಗದದ ಮೇಲೆ ಏನೋ ಗೀಚಿದರು. ಬಾಯಿಪರೀಕ್ಷೆ ಮುಗಿಯಿತು. ಸಾಹುಕಾರರ ಮಗ ಗೆದ್ದ. ಅವನ ಅಪ್ಪ ಅವನನ್ನು ಬೇಕಾದರೆ ಮುಂಬೈಗೂ ಕಳಿಸಿ ಓದಿಸಬಲ್ಲವರಾಗಿದ್ದರು.

ನನ್ನ ಹುಡುಗ ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತಿದ್ದ. ನಾನು ಇನ್ನೊಂದು ಬಾಗಿಲಿನಿಂದ ಹೋದೆ. ನಾಲ್ಕೈದು ದಿನ ಶಾಲೆಗೆ ಬಂದ, ಆಮೇಲೆ ಬರಲಿಲ್ಲ. ಅವನ ಅಪ್ಪ ಬಂದು ಕರೆದುಕೊಂಡು ಹೋದನೆಂದು ಬೋರ್ಡಿಂಗಿನವರು ಹೇಳಿದರು. ಮೆಟ್ರಿಕ್ ಪರೀಕ್ಷೆಗೆ ಇನ್ನೂ ಮೂರು ತಿಂಗಳಿತ್ತು. ಬಂದಾನು ಬಿಡು ಎಂದುಕೊಂಡೆ. ಖೋಲಿ ಉಳಿದಿತ್ತು, ಹೊಟ್ಟೆ ತಣ್ಣಗಿತ್ತು, ನಿದ್ದೆಯೂ ಬರುತ್ತಿತ್ತು. ನಿದ್ದೆ ಬರಲಿಲ್ಲವೆಂದು ಬರೆದರೆ ಓದುವವರಿಗೆ ಸಮಾಧಾನವಾದೀತು, ಆದರೆ ಬರುತ್ತಿತ್ತು.

ಅದಾಗಿ ತಿಂಗಳಾಗಿರಬೇಕು. ಘೋಣಸಗಿಯಲ್ಲಿ ನನಗೊಂದು ಹೆಣ್ಣು ಗೊತ್ತು ಮಾಡಿದ್ದರು. ನೋಡಲೆಂದು ಸೋದರಮಾವನ ಜೊತೆ ಮೋಟಾರು ಹತ್ತಿದೆ. ಯುದ್ಧದ ಕಾಲಕ್ಕೆ ಪೆಟ್ರೋಲು ಸಿಗದೆ ಮೋಟಾರಿನ ಹಿಂದೆ ಇದ್ದಿಲಿನ ಭಟ್ಟಿ ಕಟ್ಟಿ ಓಡಿಸುತ್ತಿದ್ದರು. ಅದು ಓಡಿದಷ್ಟೇ ಹೊತ್ತು ನಿಲ್ಲುತ್ತಿತ್ತು. ತಿಕೋಟಾ ಇನ್ನೂ ಒಂದು ಹರದಾರಿ ಇರುವಾಗ ಉಸಿರು ಬಿಟ್ಟಿತು. ಡ್ರೈವರನು ಭಟ್ಟಿಗೆ ಗಾಳಿ ಹಾಕುತ್ತ ಕೂತ. ನಾವೆಲ್ಲ ಇಳಿದೆವು. ರಸ್ತೆಯ ಬದಿಗೆ ಖಡಿ ಒಡೆಯುವವರ ಸಾಲು. ಅದರಲ್ಲಿ ಅವನೂ ಇದ್ದ. ಬೆರಳಿಗೆ ಚಿಂದಿ ಸುತ್ತಿಕೊಂಡು, ಒಂದು ಕಲ್ಲನ್ನು ಕಾಲ ನಡುವೆ ಇಟ್ಟುಕೊಂಡು ಸುತ್ತಿಗೆಯಿಂದ ಹೊಡೆಯುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಅವನ ಅಪ್ಪ ಮುಂದೆ ಬಂದು, ಹತ್ತು ಮಾರು ದೂರ ಇರುವಾಗಲೇ ನಿಂತು ಕೈ ಮುಗಿದ. ಅಷ್ಟು ದೂರದಿಂದ ಮಾತಾಡಬೇಕಾದ್ದರಿಂದ ಜೋರಾಗಿಯೇ ಮಾತಾಡಿದ. ಮೋಟಾರಿನ ಜನರೆಲ್ಲ ಕಿವಿಗೊಟ್ಟರು.

"ಮಾಸ್ತರ್ರ, ನೀವ ಒಂದ ಮಾತ ಹೇಳ್ರಿ. ಗೊತ್ತಿತ್ತು, ಹೇಳಲಿಲ್ಲ ಅಂತಾನ್ರಿ ಇಂವ. ಗೊತ್ತಿದ್ದಾಂವ ಯಾರರ ಬಾಯಿ ಮುಚಗೊಂಡು ನಿಂದ್ರತಾನೇನ್ರಿ? ಖರೇನ ಗೊತ್ತಿತ್ತಂದ್ರ ಹೊಟ್ಟಿ ಕಟಗೊಂಡರ ಮೆಟ್ರಿಕ್ಕಿಗೆ ಕಳಸ್ತೇನಿ. ಗೊತ್ತಿರಲಿಲ್ಲಂದ್ರ ಇಲ್ಲೇ ಕುಂಡ್ರಲಿ. ನೀವ ಹ್ಯಾಂಗ ಹೇಳ್ತೀರಿ ಹಾಂಗ್ರಿ."

ಅಂದರೆ ಹುಡುಗ ನಡೆದದ್ದನ್ನು ಅಷ್ಟೇ ಹೇಳಿದ್ದ. ತಲೆ ಆಡಿಸುವ ತೋಡು, ನಾನು ಕಿಟಕಿ ನೋಡಿದ್ದು, ಅದನ್ನೆಲ್ಲ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ನನ್ನ ಮರ್ಯಾದೆ ಉಳಿಸಿ, ಅಪ್ಪನ ಕಣ್ಣಿಗೆ ಸುಳ್ಳನಾಗಿ, ಒಂದು ತಿಂಗಳಿನಿಂದ ಕಲ್ಲು ಒಡೆಯುತ್ತಿದ್ದ. ಅವನಿಗೆ ಗೊತ್ತಿತ್ತು ಎಂದು ನಾನು ಹೇಳಿದರೆ, ಮತ್ತೆ ಏಕೆ ಹೇಳಲಿಲ್ಲ ಎಂದು ಆ ಮುದುಕ ಕೇಳುತ್ತಾನೆ. ಹತ್ತು ಮಾರು ದೂರದಿಂದ, ಇಷ್ಟೇ ಜೋರಾಗಿ ಕೇಳುತ್ತಾನೆ. ಪಕ್ಕದಲ್ಲಿ ಮಾವ ನಿಂತಿದ್ದ. ಮೋಟಾರಿನಲ್ಲಿ ಘೋಣಸಗಿಯವರು ಮೂರು ನಾಲ್ಕು ಜನ ಇದ್ದರು, ನಾನು ಹೆಣ್ಣಿನ ಮನೆ ಮುಟ್ಟುವುದರೊಳಗೆ ನನ್ನ ಕತೆ ಮುಟ್ಟುತ್ತಿತ್ತು.

"ಗೊತ್ತಿರಲಿಲ್ಲ" ಎಂದೆ. "ಗೊತ್ತಿದ್ರ ಹೇಳತಿದ್ದ."

ಮುದುಕ ಸಿಟ್ಟು ಮಾಡಿಕೊಳ್ಳಲಿಲ್ಲ. ನನಗೆ ತ್ರಾಸು ಕೊಟ್ಟದ್ದಕ್ಕೆ ತಪ್ಪಾಯಿತೆಂದು ಇನ್ನೊಮ್ಮೆ ಕೈ ಮುಗಿದು, ಮಗನ ಕಡೆ ತಿರುಗಿ, ಮಾಸ್ತರರು ಹೇಳಿದ್ದು ಖರೆಯೋ ಎಂದು ಕೇಳಿದ. ನಾನು ಹುಡುಗನ ಮುಖ ನೋಡಿದೆ. ಅವನು ನನ್ನನ್ನು ನೋಡಲಿಲ್ಲ. ಅಪ್ಪನಿಗೇ ಉತ್ತರ ಕೊಟ್ಟ. ದನಿ ಸ್ಪಷ್ಟವಾಗಿತ್ತು, ಎಲ್ಲೂ ತಡವರಿಸಲಿಲ್ಲ.

"ಖರೇರಿ ಯಪ್ಪಾ. ನನಗ ಗೊತ್ತಿರಲಿಲ್ಲ."

ಅವನು ಕೂತು ಸುತ್ತಿಗೆ ತೆಗೆದುಕೊಂಡ. ಮೋಟಾರು ಕೆಮ್ಮಿ ಕೆಮ್ಮಿ ಶುರುವಾಯಿತು, ನಾವು ಹತ್ತಿದೆವು. ತಿಕೋಟಾ ದಾಟಿದ ಮೇಲೆ ಮಾವ, ಪಾಪ, ಮುಖ ನೋಡಿದರೆ ಹಾಗೆ ಅನಿಸುವುದಿಲ್ಲ, ಹುಡುಗ ಅಷ್ಟು ದಡ್ಡನೇನು ಎಂದು ಮೆಲ್ಲಗೆ ನನ್ನೊಬ್ಬನಿಗೇ ಕೇಳುವಂತೆ ಕೇಳಿದ. ಭಾಳ ದಡ್ಡ ಎಂದೆ.